ನೀಲಾಂಬಿಕಾ ಆರಿಸಿದ ಪದಗಳು

ನಡೆಯುತ್ತಿದ್ದವರು ಒಮ್ಮೆಲೇ ನಿಂತುಬಿಡುತ್ತಿದ್ದರು ನೀಲಾಂಬಿಕಾ. ಜಿಗಣಿಯ ಕೆಂಪುದೂಳಿನ ರಸ್ತೆಯಲ್ಲಿ ಲಾರಿಗಳು ಹಾರ್ನ್ ಹೊಡೆಯುತ್ತ ಬಳಸಿಕೊಂಡು ಹೋಗುವಾಗಲೂ, ಕಣ್ಣು ಅರೆಮುಚ್ಚಿ, ಯಾವುದೋ ಪದವನ್ನು ನಾಲಗೆಯ ಮೇಲಿಟ್ಟು ರುಚಿ ನೋಡುತ್ತಿರುವಂತೆ ತುಟಿಯಲುಗಿಸುತ್ತ ಅವರು ನಿಲ್ಲುತ್ತಿದ್ದ ಭಂಗಿ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಅದು ತೊಂಬತ್ತಾರನೆಯ ಇಸವಿ. ವೈದ್ಯಕೀಯ ಉಪಕರಣಗಳ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ನಕ್ಷೆ ಬರೆಯುತ್ತಿದ್ದೆ. ರಾಣೆಬೆನ್ನೂರಿನ ನೀಲಾಂಬಿಕಾ ಅಲ್ಲಿನ ಗ್ರಂಥಪಾಲಕಿ. ಹೊಸ ಉಪಕರಣವೊಂದು ಹೊರಬರುವ ಮೊದಲು ಅಂಥದ್ದರ ಬಗ್ಗೆ ಜಗತ್ತಿನ ವೈದ್ಯರು ಬರೆದದ್ದನ್ನು ಹುಡುಕಿ ವರದಿ ಮಾಡುವುದು ಅವರ ಕೆಲಸ. ನಗರದ ಗ್ರಂಥಾಲಯವೊಂದರಲ್ಲಿ ಸಿ.ಡಿ.ಗಳ ತುಂಬ ಲೇಖನಗಳ ಸಾರಾಂಶಗಳಿದ್ದವು. ಕೊಟ್ಟ ಪದವಿದ್ದ ಲೇಖನವನ್ನಷ್ಟೇ ಕಂಪ್ಯೂಟರ್ ಎತ್ತಿಕೊಡುತ್ತಿತ್ತು. ಉಳಿದವು ಇದ್ದೂ ಇಲ್ಲದಂತೆ.

ಆ ವರ್ಷ ನಮ್ಮದು ಮೂತ್ರ ಕಟ್ಟಿದವರಿಗೆ ಹಾಕುವ ಕೆಥೀಟರ್. ಒಳಹೋದ ನಳಿಕೆಯ ತುದಿಯ ಪುಟ್ಟ ಬಲೂನಿಗೆ ನೀರು ತುಂಬಿದರೆ ಅದು ಜಾರದು. ತೆಗೆಯುವಾಗ ಆ ನೀರನ್ನು ಇಳಿಸಬೇಕು. ಉಪಕರಣದ ಹೆಸರಿನೊಡನೆ ‘ಫೇಲ್ಯೂರ್’ ಎಂಬ ಪದ ಕೊಟ್ಟು ಹುಡುಕಿದಾಗ ಸಿಕ್ಕ ಹನ್ನೊಂದು ಲೇಖನಗಳಲ್ಲೂ ಹೊಗಳಿಕೆಯೇ. ವ್ಯವಸ್ಥಾಪಕ ರುದ್ರೇಶ್ ವರದಿಗೆ ಸಹಿ ಹಾಕಲು ಪೆನ್ನು ತೆರೆದರು.

“ಇನ್ನೊಂದು ವಾರ ಕೊಡ್ರಿ ಸರ್. ಫೇಲ್ ಆಗೂದಕ್ಕ ಬ್ಯಾರೆ ಹೆಸರೂ ಇರತಾವ.”

ಮರುದಿನ ನೀಲಾಂಬಿಕಾ ಆಸ್ಪತ್ರೆಯೊಂದರ ವಾರ್ಡಿಗೆ ಹೋದರು. ಅಳತೆ ನೋಡಲೆಂದು ನಾನೂ ಜೊತೆಗಿದ್ದೆ. ಡೆಟಾಲಿನ ವಾಸನೆಯ ಆ ಮಂದ ಬೆಳಕಿನಲ್ಲಿ ಹಿರಿಯ ನರ್ಸ್ ವಸಂತಮ್ಮ ಹಾಸಿಗೆಯ ಬಟ್ಟೆ ಮಡಿಸುತ್ತಲೇ ಹೇಳಿದರು: “ಕೆಥೀಟರ್ ಫೇಲ್ ಆಯ್ತು ಅಂತ ನಾವ್ಯಾರೂ ಅನ್ನಲ್ಲ ಕಣಮ್ಮ. ಬಲೂನ್ ಇಳೀತಿಲ್ಲ, ಟ್ಯೂಬ್ ಸಿಕ್ಕಾಕ್ಕೊಂಡಿದೆ ಅಂತೀವಿ. ಹೋದ ತಿಂಗ್ಳು ಒಬ್ಬ ಅಜ್ಜ ಎರಡು ದಿನ ಒದ್ದಾಡಿಬಿಟ್ರು.”

ಇಳಿಯದ, ಸಿಕ್ಕಿಕೊಂಡ, ತೆಗೆಯಲಾಗದ: ಇವುಗಳ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಕೊಟ್ಟು, ಬೂದು ಪರದೆಯ ಮುಂದೆ ಧ್ಯಾನಸ್ಥರಂತೆ ಕುಳಿತು, ಅವರು ಮೂರು ದಿನ ಹುಡುಕಿದರು. ನಳಿಕೆ ತೆಗೆಯಲಾಗದೆ ರೋಗಿಗಳು ನರಳಿದ್ದನ್ನು ಹೇಳುವ ಇನ್ನೂ ಏಳು ಲೇಖನಗಳು ಸಿಕ್ಕವು. ಮೂರರಲ್ಲಿದ್ದ ನಳಿಕೆಗೆ ನಮ್ಮದರಂತೆಯೇ, ಬಲೂನಿಗೆ ನೀರು ಹೋಗಿಬರಲು ತೀರ ಸಣ್ಣ ನೀರುದಾರಿ.

ರುದ್ರೇಶ್ ಮುಖ ಗಂಟಿಕ್ಕಿದರು. “ಆಸ್ಪತ್ರೆಯವ್ರು ಆರ್ಡರ್ ಹಿಡ್ಕೊಂಡು ಕಾಯ್ತಿದಾರೆ ಮೇಡಂ. ಮೊದಲಿನ ಪದಗಳೇ ಸಾಕಿತ್ತಲ್ಲ?”

“ಅವು ಕಂಪನಿ ಪದ ಸರ್. ಇವು ಬ್ಯಾನಿ ತಿಂದವರವು.”

ರುದ್ರೇಶ್ ಆ ಮೂರು ಲೇಖನಗಳನ್ನು ತಮ್ಮತ್ತ ಎಳೆದುಕೊಂಡು ಓದಿದರು. ಆಮೇಲೆ ತಾವೇ ನಿಂತು ನೂರು ನಳಿಕೆಗಳ ಬಲೂನು ತುಂಬಿಸಿ ಮೈಬಿಸಿಯಷ್ಟು ಬೆಚ್ಚಗಿನ ನೀರಿನಲ್ಲಿ ಒಂದು ತಿಂಗಳು ಇಡಿಸಿದರು. ಒಂಬತ್ತು ಇಳಿಯಲಿಲ್ಲ. ನಕ್ಷೆ ತಿದ್ದಿ ನೀರುದಾರಿಯನ್ನು ನಾನೇ ಅಗಲಿಸಿದೆ. ಐದು ತಿಂಗಳು ತಡವಾಯಿತು, ಆರ್ಡರ್ ಬೇರೆಯವರ ಪಾಲಾಯಿತು, ಕೆಲವರು ನೀಲಾಂಬಿಕಾರೊಡನೆ ಮಾತು ಬಿಟ್ಟರು. ಅವರಿಗೆ ಅದರ ಗೊಡವೆಯಿರಲಿಲ್ಲ. “ಯಾವ ಪದ ಬಿಟ್ಟೇನೋ ಏನೋ,” ಎಂದು ಊಟದ ಡಬ್ಬಿಯ ಮುಂದೆ ಒಮ್ಮೆ ಗೊಣಗಿದ್ದು ಕೇಳಿಸಿತು.

ಕೂಗಿದ್ದಕ್ಕೆ ಓಗೊಡದಿದ್ದರೆ ಒಳಗೆ ಯಾರೂ ಇಲ್ಲವೆಂದು ಹೊರಟುಬಿಡುವವರೇ ನಾವೆಲ್ಲ. ಕೂಗಿದ ಹೆಸರೇ ತಪ್ಪಿರಬಹುದೆಂದು ಬಾಗಿಲಲ್ಲೇ ನಿಲ್ಲುವವರು ಎಲ್ಲೋ ಕೆಲವರು. ಅವರ ಸಂಶಯ ಜೊತೆಗಿರುವವರಿಗೆ ಬೇಸರ ತರಿಸುತ್ತದೆ, ಕೆಲಸ ಕೆಡಿಸುವಂತೆಯೂ ತೋರುತ್ತದೆ. ಆದರೆ ತಾವೆಂದೂ ಕಾಣದ ಯಾರದೋ ಮೈಯ ನೋವಿಗೆ ಈ ಲೋಕದಲ್ಲಿ ಕಾವಲಿರುವುದು ಅಂಥವರೇ.