ಲೋಟ ಚೆಲ್ಲುವ ನಿಯಮ

ಆ ಅಂಗಡಿಯ ಹೆಸರನ್ನು ನ್ಯೂಯಾರ್ಕಿನ ಪುಸ್ತಕದವರು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹಿಂದಿನ ಕಾಲದ ಹೆಂಗಸರು ಗಂಡನ ಹೆಸರು ಹೇಳದೆ ‘ಅವರು’ ಎನ್ನುತ್ತಿದ್ದ ಹಾಗೆ ಇವರೂ ‘ಅವರು’ ಎನ್ನುತ್ತಿದ್ದರು. ತೀರ ಸಿಟ್ಟು ಬಂದಾಗ ಮಾತ್ರ ‘ದೊಡ್ಡಂಗಡಿ’ ಎನ್ನುತ್ತಿದ್ದರು. ಡಲ್ಸಿ ಮೊರಾನ್‌ಗೆ ಆ ಜೂನ್ ತಿಂಗಳಲ್ಲಿ ದಿನಕ್ಕೆ ನಾಲ್ಕು ಸಲ ತೀರ ಸಿಟ್ಟು ಬರುತ್ತಿತ್ತು.

ಡಲ್ಸಿ ಕಟ್ಲರ್ ಹೇನ್ಸ್ ಎಂಬ ಪ್ರಕಾಶನದಲ್ಲಿ ಹನ್ನೊಂದು ವರ್ಷದಿಂದ ಇದ್ದಳು. ಇ-ಪುಸ್ತಕಗಳಿಗೆ ಬೆಲೆ ಕಟ್ಟುವುದು ಅವಳ ಕೆಲಸ. ಹೊಸ ಕಾದಂಬರಿಗೆ ಹದಿನಾಲ್ಕು ಡಾಲರ್ ಎಂದು ಅವಳು ಹೇಳಿದರೆ, ಒಂಬತ್ತೂ ಚಿಲ್ಲರೆ ಸಾಕು, ಅದನ್ನು ಹೇಳುವವರೂ ನಾವೇ ಎಂದು ದೊಡ್ಡಂಗಡಿಯವರು ಹಟ ಹಿಡಿದಿದ್ದರು. ಏಪ್ರಿಲ್‌ನಲ್ಲಿ ಹಳೆಯ ಕರಾರು ಮುಗಿಯಿತು. ಮಾರನೆಯ ದಿನವೇ ದೊಡ್ಡಂಗಡಿಯ ಜಾಲತಾಣದಲ್ಲಿ ಕಟ್ಲರ್ ಹೇನ್ಸ್‌ನ ಪುಸ್ತಕಗಳ ಕೆಳಗಿದ್ದ ‘ಕೊಳ್ಳಿ’ ಎಂಬ ಗುಂಡಿ ಮಾಯವಾಯಿತು. ಮುಖಪುಟ ಇತ್ತು, ಹೊಗಳಿಕೆ ಇತ್ತು, ಲೇಖಕರ ಫೋಟೋ ಇತ್ತು, ಕೊಳ್ಳಲು ಮಾತ್ರ ದಾರಿಯಿರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಆ ಊರಿನವರಿಗೆ ಗೊತ್ತಿಲ್ಲದಿದ್ದರೂ ಬಡವಾದ ಕೂಸುಗಳು ಮುನ್ನೂರಕ್ಕೂ ಹೆಚ್ಚಿದ್ದವು. ಅವುಗಳ ಲೇಖಕರು ದಿನವೂ ಡಲ್ಸಿಗೆ ಫೋನ್ ಮಾಡಿ ಅಳುತ್ತಿದ್ದರು.

ಮಣಿಯಬೇಕೋ, ಇನ್ನೂ ಪಟ್ಟು ಹಿಡಿದು ನಿಲ್ಲಬೇಕೋ? ಜೂನ್ ಕೊನೆಯ ಶುಕ್ರವಾರದ ಸಭೆಯಲ್ಲಿ ತೀರ್ಮಾನ. ಪ್ರಕಾಶನದ ಯಜಮಾನ ಮುದುಕ ಹೇನ್ಸ್, ನೀನು ಏನು ಹೇಳುತ್ತೀಯೋ ಅದೇ ಎಂದುಬಿಟ್ಟಿದ್ದ. ಹನ್ನೊಂದು ವರ್ಷದಲ್ಲಿ ಇಂಥ ಮಾತು ಅವಳಿಗೆ ಸಿಕ್ಕಿದ್ದು ಇದೇ ಮೊದಲು.

ಉತ್ತರವೆಲ್ಲ ಒಂದೇ ಸಂಗತಿಯ ಮೇಲೆ ನಿಂತಿತ್ತು. ಮೆರೋ ಹೌಸ್ ಎಂಬ ಇನ್ನೊಂದು ಪ್ರಕಾಶನದ ಕರಾರು ಜೂನ್ ಮೂವತ್ತಕ್ಕೆ ಮುಗಿಯುವುದಿತ್ತು. ಅವರೂ ಮಣಿಯದೆ ನಿಂತರೆ ದೊಡ್ಡಂಗಡಿ ಇಬ್ಬರೊಡನೆ ಗುದ್ದಾಡಬೇಕು, ಕಟ್ಲರ್ ಹೇನ್ಸ್ ಉಸಿರಾಡಬಹುದು. ಅವರು ಒಳಗಿಂದೊಳಗೆ ಸಹಿ ಹಾಕಿಬಿಟ್ಟಿದ್ದರೆ ಒಂಟಿಯಾಗಿ ನಿಲ್ಲುವುದು ಹುಚ್ಚುತನ. ಮೆರೋ ಹೌಸ್‌ನ ಪರವಾಗಿ ಮಾತುಕತೆಗೆ ಕೂರುತ್ತಿದ್ದವನು ಐನಾರ್ ಟೊಲೆಫ್ಸೆನ್. ಅವನು ಡಲ್ಸಿಯ ಗಂಡ.

ಕೇಳಿದರಾಯಿತಲ್ಲ ಎನ್ನಬೇಡಿ. ಎರಡು ವರ್ಷದ ಹಿಂದೆ ಕೆಲವು ಪ್ರಕಾಶಕರು ಒಟ್ಟಾಗಿ ಬೆಲೆ ಮಾತಾಡಿಕೊಂಡರೆಂದು ಸರ್ಕಾರ ಕೋರ್ಟಿಗೆ ಎಳೆದ ಮೇಲೆ ಆ ಊರಿನಲ್ಲಿ ಎಲ್ಲರ ಬಾಯಿಗೂ ಬೀಗ ಬಿದ್ದಿತ್ತು. ಒಂದು ಪ್ರಕಾಶನದವರು ಇನ್ನೊಂದು ಪ್ರಕಾಶನದವರ ಬಳಿ ಬೆಲೆ, ಕರಾರು ಎಂದು ಉಸಿರೆತ್ತುವಂತಿಲ್ಲ. ಗಂಡ ಹೆಂಡತಿಗೂ ವಿನಾಯಿತಿಯಿಲ್ಲ. ಕಟ್ಲರ್ ಹೇನ್ಸ್‌ನ ವಕೀಲೆ ಫೈನರ್ಮನ್ ವರ್ಷಕ್ಕೊಮ್ಮೆ ಎಲ್ಲರನ್ನೂ ಕೂರಿಸಿ ಪಾಠ ಮಾಡುತ್ತಿದ್ದಳು. ಬೇರೆ ಪ್ರಕಾಶನದವರ ಎದುರು ಬೆಲೆಯ ಮಾತು ಬಂದರೆ ಸುಮ್ಮನಿದ್ದರೆ ಸಾಲದು, ಎದ್ದು ಹೋಗಬೇಕು. ಹೋಗುವಾಗ ಕೈಯಲ್ಲಿರುವ ಲೋಟ ಚೆಲ್ಲಿ ಹೋಗಬೇಕು. ನಾಳೆ ಕೋರ್ಟಿನಲ್ಲಿ ಯಾರಾದರೊಬ್ಬರು, ಹೌದು ಸ್ವಾಮಿ, ಆಯಮ್ಮ ವೈನ್ ಚೆಲ್ಲಿ ಹೊರಟುಹೋದರು ಎಂದು ನೆನಪಿನಿಂದ ಹೇಳುವಂತಿರಬೇಕು. ಮರುದಿನ ಬೆಳಿಗ್ಗೆ ಬಂದು ವರದಿ ಬರೆದುಕೊಡಬೇಕು. ಪುಸ್ತಕದವರ ಪಾರ್ಟಿಗಳಲ್ಲಿ ಯಾರ ಕೈಯಿಂದ ಲೋಟ ಜಾರಿದರೂ, ಬೆಲೆ ಮಾತಾಡಿದವರು ಯಾರಪ್ಪಾ ಎಂದು ನಗುವುದು ವಾಡಿಕೆಯಾಗಿತ್ತು.

ಹೀಗಾಗಿ ಬ್ರೂಕ್ಲಿನ್‌ನ ಆ ಎರಡು ಕೋಣೆಯ ಮನೆಯಲ್ಲಿ ಐನಾರ್ ಆಫೀಸಿನ ಫೋನ್ ಬಂದರೆ ಮೆಟ್ಟಿಲಿಗೆ ಹೋಗಿ ಮಾತಾಡುತ್ತಿದ್ದ, ಡಲ್ಸಿ ಬಚ್ಚಲಿಗೆ ಹೋಗುತ್ತಿದ್ದಳು. ಕೇಳುವಂತಿಲ್ಲ ಎಂದ ಮೇಲೆ ಕುತೂಹಲ ಸುಮ್ಮನಿರುತ್ತದೆಯೇ? ಅವಳು ಗಂಡನನ್ನು ಓದಲು ಶುರುಮಾಡಿದಳು. ಮಂಗಳವಾರ ಅವನು ಸಿಳ್ಳೆ ಹಾಕುತ್ತ ಬಂದ: ಸಹಿ ಆಗಿರಬೇಕು. ಬುಧವಾರ ಉಪ್ಪಿಲ್ಲದ ಸೂಪನ್ನು ಗೊತ್ತಾಗದೆ ಕುಡಿದ: ಇಲ್ಲ, ಮಾತುಕತೆ ಮುರಿದಿದೆ. ಗುರುವಾರ ದುಬಾರಿ ಚೀಸ್ ತಂದ: ಗೆದ್ದದ್ದಕ್ಕೋ, ಸೋತ ದುಃಖಕ್ಕೋ? ಶನಿವಾರ ಕ್ಷೌರ ಮಾಡಿಸಿಕೊಂಡು ಬಂದಾಗ ಅವಳು ಅದಕ್ಕೂ ಅರ್ಥ ಹುಡುಕುತ್ತ ಅವನ ಹಿಂದಲೆಯನ್ನೇ ನೋಡುತ್ತ ಕೂತಳು. ಇಪ್ಪತ್ತು ವರ್ಷ ಸಂಸಾರ ಮಾಡಿದರೂ ಅವನು ಇಷ್ಟು ಕುತೂಹಲ ಹುಟ್ಟಿಸುವ ಮನುಷ್ಯ ಎಂದು ಅವಳಿಗೆ ಅನ್ನಿಸಿರಲಿಲ್ಲ. ನಿಜ ಹೇಳಬೇಕೆಂದರೆ ಆ ವಾರ ಅವಳಿಗೆ ಖುಷಿಯೇ ಆಗಿತ್ತು.

ಭಾನುವಾರ ಇಬ್ಬರೂ ಬೇ ರಿಜ್‌ನಲ್ಲಿದ್ದ ಅತ್ತೆಯ ಮನೆಗೆ ಊಟಕ್ಕೆ ಹೋದರು. ಐನಾರ್‌ನ ತಾಯಿ ರಾಗ್ನಾಗೆ ಎಪ್ಪತ್ತೆಂಟು. ನಾರ್ವೆಯಿಂದ ಬಂದು ಐವತ್ತು ವರ್ಷವಾಗಿದ್ದರೂ ಭಾನುವಾರ ಮಾಂಸ, ಆಲೂಗಡ್ಡೆಯ ಲಾಪ್ಸ್‌ಕೌಸ್ ಬೇಯದೆ ಆ ಮನೆಯಲ್ಲಿ ದಿನ ಮುಗಿಯುತ್ತಿರಲಿಲ್ಲ. ಕಣ್ಣು ಮಂಜಾದ ಮೇಲೆ ಅವಳು ಅಕ್ಷರ ದೊಡ್ಡದು ಮಾಡಿಕೊಂಡು ಇ-ಪುಸ್ತಕದ ಯಂತ್ರದಲ್ಲೇ ಓದುತ್ತಿದ್ದಳು, ಅದೂ ಬರೀ ಕೊಲೆಯ ಕತೆಗಳನ್ನು. ಅವಳ ಮೆಚ್ಚಿನ ಪತ್ತೇದಾರಿ ಮಾಲೆಯನ್ನು ಛಾಪಿಸುತ್ತಿದ್ದದ್ದು ಕಟ್ಲರ್ ಹೇನ್ಸ್.

ಊಟಕ್ಕೆ ಕೂತ ಕೂಡಲೇ ಅವಳು ಸೊಸೆಯನ್ನು ತರಾಟೆಗೆ ತೆಗೆದುಕೊಂಡಳು.

“ಐದನೇ ಪುಸ್ತಕದ ಕೊನೇಲಿ ಪಾದ್ರೀನ ಬಾವಿಗೆ ತಳ್ಳಿಬಿಟ್ಟಿದಾರೆ. ಆರನೇದು ಬಂದಿದೆ ಅಂತಾರೆ, ಒತ್ತೋಣ ಅಂದ್ರೆ ಗುಂಡೀನೇ ಇಲ್ಲ. ಪಾದ್ರಿ ಬದುಕಿದಾನೋ ಸತ್ತಿದಾನೋ ಅಂತ ತಿಳ್ಕೊಳ್ದೆ ನಾನು ಸಾಯ್ಬೇಕೇನು, ಡಲ್ಸಿ?”

“ಕಾಗದದ್ದು ತಂದ್ಕೊಡ್ತೀನಿ, ರಾಗ್ನಾ.”

“ನಿಮ್ಮ ಕಾಗದದ ಅಕ್ಷರ ಇರುವೆ ಸಾಲು. ಇರುವೆ ಓದ್ಲಿಕ್ಕೆ ನಂಗೆ ಬರಲ್ಲ.” ಮುದುಕಿ ಮಗನ ತಟ್ಟೆಗೆ ಇನ್ನೊಂದು ಸೌಟು ಬಡಿಸಿ ಅವನ ಕಡೆ ತಿರುಗಿದಳು. “ಇವಳ ಹಣೆಬರಹ ಇಷ್ಟು. ನೀನು ಹೇಳು. ನಿಮ್ಮೋರು ಆ ಅಂಗಡಿ ಜೊತೆ ರಾಜಿ ಆದ್ರೋ, ಇಲ್ವೋ?”

ಡಲ್ಸಿಯ ಕೈಯಲ್ಲಿ ಕೆಂಪು ಹಣ್ಣಿನ ಶರಬತ್ತಿನ ಲೋಟವಿತ್ತು. ಚೆಲ್ಲಬೇಕಾದ ಗಳಿಗೆ ಅದೇ. ಎದ್ದು, ಕುರ್ಚಿ ಸದ್ದು ಮಾಡಿಸಿ, ಅಡುಗೆಮನೆಗೆ ನಡೆದಿದ್ದರೆ ಮುಗಿದಿತ್ತು. ಫೈನರ್ಮನ್‌ಳ ಪಾಠ ಶಬ್ದಶಃ ನೆನಪಿಗೆ ಬಂತು. ಆದರೆ ತಾನೇನೂ ಕೇಳಿಲ್ಲವಲ್ಲ, ಕೇಳಿದ್ದು ಅತ್ತೆ. ಏನೂ ತಿಳಿಯದ ಮುದುಕಿ ಕೇಳಿದ್ದಕ್ಕೆ ಮಗ ಒಂದು ಮಾತು ಹೇಳಿದರೆ, ಕಿವಿಗೆ ಬಿದ್ದರೆ, ಅದು ತನ್ನ ತಪ್ಪೇ? ಅವಳು ಲೋಟವನ್ನು ಬಿಗಿಯಾಗಿ ಹಿಡಿದು ಕೂತೇ ಇದ್ದಳು. ಐನಾರ್ ತಾಯಿಯನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದ. ಮೂರು ಸಲ ಉಸಿರಾಡುವಷ್ಟು ಹೊತ್ತು ನೋಡಿರಬೇಕು.

ಆಮೇಲೆ ಅವನು ತನ್ನ ಲೋಟವನ್ನು ಮೊಣಕೈಯಿಂದ ತಳ್ಳಿದ. ಕೆಂಪು ಶರಬತ್ತು ಬಿಳಿಯ ಮೇಜುಬಟ್ಟೆಯ ಉದ್ದಕ್ಕೂ ಹರಿಯಿತು. ಅವನು ಎದ್ದು ಕೋಟು ತೆಗೆದುಕೊಂಡು ಬೀದಿಗೆ ಇಳಿದುಹೋದ. ಅದು ತನ್ನ ಮದುವೆಗೆ ಉಡುಗೊರೆ ಬಂದ ಮೇಜುಬಟ್ಟೆಯೆಂದು ರಾಗ್ನಾ ನಾರ್ವೆಯ ಭಾಷೆಯಲ್ಲಿ ಬೈದಳು, ಆಮೇಲೆ ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೂ ಬೈದಳು.

ಡಲ್ಸಿ ಕಲೆಗೆ ಉಪ್ಪು ಉಜ್ಜುತ್ತ ಲೆಕ್ಕ ಹಾಕಿದಳು. ಸಹಿ ಆಗಿರದಿದ್ದರೆ ‘ಇಲ್ಲಮ್ಮ’ ಎಂದು ಸುಮ್ಮನಾಗಬಹುದಿತ್ತು. ಲೋಟ ಉರುಳಿಸಿ ಓಡುವಷ್ಟು ದೊಡ್ಡ ಮಾತು ಬಾಯಲ್ಲಿತ್ತೆಂದರೆ ಅದು ಸಹಿಯೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ! ಗುಟ್ಟು ಕೈಗೆ ಸಿಕ್ಕಿತೆಂದು ಹಿಗ್ಗಿದಳು.

ವಾಪಸ್ಸು ಬರುವ ರೈಲಿನಲ್ಲಿ ಆ ಸಂತೋಷ ಉಳಿಯಲಿಲ್ಲ. ಲೋಟ ಚೆಲ್ಲಿದವನು ಬೆಳಿಗ್ಗೆ ವರದಿ ಬರೆಯಬೇಕಲ್ಲ.

“ಏನಂತ ಬರೀತೀಯ?” ಎಂದು ಕೇಳಿದಳು.

“ನಡೆದದ್ದು. ಅಮ್ಮ ಕೇಳಿದ್ದು, ನಾನು ಚೆಲ್ಲಿ ಎದ್ದಿದ್ದು.”

“ನಾನು ಕೂತಿದ್ದು?”

ಐನಾರ್ ಕಿಟಕಿಯತ್ತ ನೋಡಿದ. ಸುರಂಗದಲ್ಲಿ ನೋಡಲು ಏನೂ ಇರಲಿಲ್ಲ. ಅವನು ಸುಳ್ಳು ಬರೆಯುವವನಲ್ಲ. ಹೆಂಡತಿಗಾಗಿ ಬರೆದರೂ ಬರೆದಾನು ಎಂಬ ಯೋಚನೆ ಬಂದಾಗ ಡಲ್ಸಿಗೆ ನಾಚಿಕೆಯಾಯಿತು.

ಸೋಮವಾರ ಎಂಟು ಗಂಟೆಗೇ ಅವಳು ಫೈನರ್ಮನ್‌ಳ ಎದುರು ಕೂತು ಎಲ್ಲವನ್ನೂ ಹೇಳಿದಳು. ವಕೀಲೆ ಪೂರ್ತಿ ಬರೆದುಕೊಂಡಳು.

“ಏನು ಕೇಳಿಸ್ಕೊಂಡ್ರಿ?”

“ಏನೂ ಇಲ್ಲ.”

“ಏನು ತಿಳ್ಕೊಂಡ್ರಿ?”

“ಮೆರೋ ಹೌಸ್‌ನವ್ರು ಸಹಿ ಹಾಕಿದಾರೆ ಅಂತ.”

“ನಿಮ್ಮ ಗಂಡ ಹೇಳಿದ್ರಾ?”

“ಹೇಳ್ಲಿಲ್ಲ. ಅದಕ್ಕೇ ಗೊತ್ತಾಯ್ತು.”

ಫೈನರ್ಮನ್ ಪೆನ್ನು ಕೆಳಗಿಟ್ಟಳು. ಗದರಲಿಲ್ಲ. ಶುಕ್ರವಾರದ ಸಭೆಗೆ ನೀವು ಬರುವ ಹಾಗಿಲ್ಲ, ಹೇನ್ಸ್‌ಗೆ ಈ ವಾರ ಒಂದು ಮಾತೂ ಹೇಳುವ ಹಾಗಿಲ್ಲ ಎಂದಳು. ಹನ್ನೊಂದು ವರ್ಷ ಕಾದು ಸಿಕ್ಕ ಮಾತು ಮೂರು ಉಸಿರಿಗೆ ಹೋಯಿತು. ಶುಕ್ರವಾರ ಡಲ್ಸಿ ತನ್ನ ಕೋಣೆಯಲ್ಲಿ ಕೂತು ಗಾಜಿನಾಚೆ ಮುದುಕನ ಕೈ ಆಡುವುದನ್ನು ನೋಡಿದಳು. ಏನೂ ಗೊತ್ತಿಲ್ಲದ ಹೇನ್ಸ್, ಪಟ್ಟು ಹಿಡಿದು ನಿಲ್ಲೋಣ ಎಂದು ತೀರ್ಮಾನಿಸಿದ. ಮುಳುಗಿದೆವು ಎಂದುಕೊಂಡಳು ಅವಳು. ಎದ್ದು ಹೋಗಿ ಬಾಗಿಲು ಬಡಿಯುವ ಆಸೆಯನ್ನು ಹಲ್ಲು ಕಚ್ಚಿ ತಡೆದಳು.

ಜುಲೈ ಒಂದರ ಬೆಳಿಗ್ಗೆ ಇಡೀ ಆಫೀಸು ಒಂದೇ ಕಂಪ್ಯೂಟರ್ ಪರದೆಯ ಸುತ್ತ ಸೇರಿತ್ತು. ಮೆರೋ ಹೌಸ್‌ನ ಪುಸ್ತಕಗಳ ಕೆಳಗೂ ಗುಂಡಿ ಇರಲಿಲ್ಲ. ಅವರು ಸಹಿ ಹಾಕಿರಲೇ ಇಲ್ಲ. ಹೇನ್ಸ್ ಕುಣಿಯುವುದೊಂದು ಬಾಕಿ. ಡಲ್ಸಿ ಮಾತ್ರ ಮೇಜಿನ ಅಂಚು ಹಿಡಿದು ನಿಂತಿದ್ದಳು. ಶುಕ್ರವಾರ ಆ ಕೋಣೆಯಲ್ಲಿ ತಾನಿದ್ದಿದ್ದರೆ ಮಣಿಯೋಣ ಎನ್ನುತ್ತಿದ್ದಳು, ಅಷ್ಟು ಖಚಿತವಾಗಿ, ಅಷ್ಟು ತಪ್ಪಾಗಿ.

ಸಂಜೆ ಐನಾರ್ ಅಡುಗೆಮನೆಯಲ್ಲಿ ಮೀನು ಹುರಿಯುತ್ತಿದ್ದ. ಅವಳು ಚೀಲವನ್ನೂ ಇಳಿಸದೆ ಬಾಗಿಲಲ್ಲೇ ನಿಂತಳು.

“ಈಗ ಕೇಳ್ಬಹುದಾ?”

“ಮುಂದಿಂದು ಬೇಡ. ಆಗಿ ಹೋದದ್ದು ಊರಿಗೇ ಗೊತ್ತು, ಕೇಳು.”

“ಆ ಭಾನುವಾರ ನಿಮ್ಮೋರು ಏನಂತ ತೀರ್ಮಾನ ಮಾಡಿದ್ರು?”

“ಏನೂ ಮಾಡಿರ್ಲಿಲ್ಲ. ನಂಗೂ ಗೊತ್ತಿರ್ಲಿಲ್ಲ. ತೀರ್ಮಾನ ಆಗಿದ್ದು ಮೊನ್ನೆ.”

ಹೇಳಲು ಅವನ ಬಳಿ ಗುಟ್ಟೇ ಇರಲಿಲ್ಲ. ಡಲ್ಸಿಗೆ ನಗು ಬಂತು, ಅರ್ಧಕ್ಕೇ ನಿಂತಿತು.

“ಹಾಗಿದ್ರೆ ಅಮ್ಮಂಗೆ ‘ಗೊತ್ತಿಲ್ಲ’ ಅಂದಿದ್ರೆ ಆಗ್ತಿತ್ತಲ್ಲ. ಯಾಕೆ ಚೆಲ್ಲಿದೆ?”

ಐನಾರ್ ಒಲೆ ಸಣ್ಣ ಮಾಡಿ, ಮೀನನ್ನು ಮಗುಚಿ ಹಾಕಿದ.

“ಇಬ್ರಲ್ಲಿ ಒಬ್ರು ಏಳ್ಬೇಕಿತ್ತು, ಡಲ್ಸಿ,” ಎಂದ. “ನೀನು ಏಳ್ತೀಯ ಅಂತ ನಾನು ಕಾದೆ.”