ಅಮ್ಮನ ರಕ್ತದ ಸತು

ಕಿಡ್ನಿ ಸೋತವರ ಮೈ ಒಳಗೊಳಗೇ ತುಕ್ಕು ಹಿಡಿಯುತ್ತದಂತೆ. ದೊಡ್ಡವರ ಬಾಯಲ್ಲಿ ಅದು ಆಕ್ಸಿಡೇಟಿವ್ ಸ್ಟ್ರೆಸ್. ಆ ತುಕ್ಕನ್ನು ತಡೆಯುವ ಸತು, ಅಂದರೆ ಜಿಂಕ್, ಇಂಥವರ ರಕ್ತದಲ್ಲಿ ಕಡಿಮೆಯಿರುತ್ತದೆ ಎಂದು ಪುಸ್ತಕಗಳೆಲ್ಲ ಹೇಳುತ್ತವೆ. ಈ ಆಸ್ಪತ್ರೆಯ ದೊಡ್ಡ ಡಾಕ್ಟರಿಗೆ ಮಾತ್ರ ತಮ್ಮ ರೋಗಿಗಳ ರಕ್ತದಲ್ಲಿ ಅದು ಇರಬೇಕಾದ್ದರ ಎರಡು ಪಟ್ಟು ಸಿಕ್ಕಿತು. ಪುಸ್ತಕಗಳೇ ತಪ್ಪಿರಬೇಕು, ಇನ್ನೇನು! ಆ ಖುಷಿಯಲ್ಲಿ ಅವರು ರೋಗಿಗಳೆಲ್ಲರ ಸತುವಿನ ಮಾತ್ರೆ ನಿಲ್ಲಿಸಿಬಿಟ್ಟರು.

ಸತು ಅಳೆದವನು ಲ್ಯಾಬ್ ಟೆಕ್ನಿಷಿಯನ್. ಅವನ ಅಮ್ಮನೂ ಆ ರೋಗಿಗಳಲ್ಲೊಬ್ಬಳು. ಮಾತ್ರೆ ನಿಂತ ಎರಡೇ ತಿಂಗಳಲ್ಲಿ ಅವಳ ನಾಲಿಗೆಯ ರುಚಿ ಹೋಯಿತು.

"ಏನ್ ಬೇಯಿಸ್ತೀಯೇ ತಾಯಿ, ಕಾಗದ ಅಗಿದ ಹಾಗಿದೆ," ಎಂದು ಸೊಸೆಯ ಮೇಲೆ ಹರಿಹಾಯ್ದು ತಟ್ಟೆ ತಳ್ಳುತ್ತಿದ್ದಳು. ಮೊದಲೇ ಕಡ್ಡಿಯಂತಿದ್ದವಳು ಇನ್ನೂ ನಾಲ್ಕು ಕೆಜಿ ಇಳಿದಳು. ಅಮ್ಮ ಕೈತಪ್ಪಿ ಹೋಗುತ್ತಾಳೆ ಎಂದು ಅವನಿಗೆ ಹೆದರಿಕೆಯಾಯಿತು.

ಸತು ಕಡಿಮೆಯಾದರೆ ನಾಲಿಗೆಯ ರುಚಿ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಅನುಮಾನ ಬಂದು, ರಕ್ತ ಇಡುತ್ತಿದ್ದ ಟ್ಯೂಬಿನಲ್ಲೇ ಒಂದು ದಿನ ಶುದ್ಧ ನೀರು ತುಂಬಿಟ್ಟು ಅಳೆದ. ನೀರಿನಲ್ಲೂ ಸತು! ಆ ಬಿಗಿಯಾದ ರಬ್ಬರ್ ಮುಚ್ಚಳದ ಟ್ಯೂಬು ತರಿಸಿದವನು ಅವನೇ. "ಒಂದು ಹನೀನೂ ಸೋರಲ್ಲ ಸಾರ್," ಎಂದು ಬೆನ್ನು ತಟ್ಟಿಸಿಕೊಂಡಿದ್ದ. ಹನಿ ಸೋರಲಿಲ್ಲ, ನಿಜ. ರಬ್ಬರಿನಲ್ಲಿದ್ದ ಸತು ರಕ್ತಕ್ಕಿಳಿದಿತ್ತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ಮಗ, ಉಣ್ಣಲಾಗದೆ ಒದ್ದಾಡಿದವಳು ಅಮ್ಮ.

ಡಾಕ್ಟರು ಈ ಹೊಸ ಶೋಧದ ಬಗ್ಗೆ ಸಮ್ಮೇಳನದಲ್ಲಿ ಮಾಡಬೇಕಿದ್ದ ಭಾಷಣ ತಿದ್ದುತ್ತಿದ್ದರು. ಅವನು ನೀರಿನ ರಿಪೋರ್ಟನ್ನು ಮೇಜಿನ ಮೇಲಿಟ್ಟ.

"ಸಾರ್, ನಮ್ಮ ಟ್ಯೂಬಲ್ಲಿಟ್ಟರೆ ನೀರಿಗೂ ಈ ಕಾಯಿಲೆ ಬರುತ್ತೆ. ಸತು ಇಳಿದದ್ದು ಮುಚ್ಚಳದ ರಬ್ಬರಿನಿಂದ. ತಪ್ಪು ನಂದೇ, ಆ ಟ್ಯೂಬು ತರಿಸಿದ್ದು ನಾನು."

ಡಾಕ್ಟರು ಬಹಳ ಹೊತ್ತು ಓದಿದರು. ಇದ್ದದ್ದು ಒಂದೇ ಸಾಲು.

"ಮುಂದಿನ ವಾರ ಸಮ್ಮೇಳನ ಕಣಯ್ಯ. ಇದನ್ನ ಇನ್ಯಾರಿಗಾದ್ರೂ ಹೇಳಿದ್ಯಾ?"

"ಇನ್ನೂ ಇಲ್ಲ ಸಾರ್. ಇವತ್ತೇ ಎಲ್ಲರಿಗೂ ಮಾತ್ರೆ ಶುರು ಮಾಡದಿದ್ರೆ ಸಮ್ಮೇಳನದಲ್ಲೇ ಎದ್ದು ಹೇಳ್ತೀನಿ."

ಮಾತ್ರೆ ಅಂದೇ ಶುರುವಾಯಿತು. ಭಾಷಣ ಕಸದ ಬುಟ್ಟಿ ಸೇರಿತು. ಇಂಥ ಪ್ರಾಮಾಣಿಕನನ್ನು ಸುಮ್ಮನೆ ಬಿಡಲಾದೀತೇ? ಅವನನ್ನು ಉಗ್ರಾಣಕ್ಕೆ ಹಾಕಿದರು, ಮುಚ್ಚಳಗಳನ್ನು ಎಣಿಸಲು.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅಮ್ಮ ಒಂದು ಗುಟುಕು ಹಾಲು ಕುಡಿದು ಮುಖ ಸಿಂಡರಿಸಿದಳು.

"ಥೂ! ಹಾಲು ತಳ ಹಿಡಿದಿದೆ. ಈ ಮನೇಲಿ ಯಾರಿಗೂ ನಾಲಿಗೆ ಅನ್ನೋದು ಇಲ್ವಾ?"

ಸೊಸೆ ಮೂತಿ ತಿರುವಿದಳು. ಅವನು ಲೋಟ ತೆಗೆದುಕೊಂಡು ಉಳಿದದ್ದನ್ನು ಗಟಗಟ ಕುಡಿದ. ಕಣ್ಣು ತುಂಬಿ ಬಂತು. ಹಾಲು ನಿಜಕ್ಕೂ ಸೀದಿತ್ತು.