ಜೋಹರಾಳ ಬಾವಿಯ ಮಾತು ಗ್ರಾಮಸಭೆಗೆ ಬಂದದ್ದು

ಜೋಹರಾಳ ಬಾವಿಯಲ್ಲಿ ನೀರು ಎರಡು ಮೆಟ್ಟಿಲು ಕೆಳಗೆ ಇಳಿದಿತ್ತು. ಮಾರ್ಚ್ ತಿಂಗಳಲ್ಲೇ ಹೀಗಾದದ್ದು ಇದೇ ಮೊದಲು.

ಊರು ಖಾನಾಪುರದಿಂದ ಗುಂಜಿಗೆ ಹೋಗುವ ದಾರಿಯಲ್ಲಿದೆ. ಬಾವಿ ಜೋಹರಾ ಮತ್ತು ಅವಳ ಗಂಡ ಬುರಾನುದ್ದೀನರದು. ನೀರು ಮಾತ್ರ ನಾಲ್ಕು ಮನೆಗಳದು. ಪಕ್ಕದ ಮನೆಯ ಅಕ್ಕಾತಾಯಿ ಜೈನರು, ವ್ರತ ಹಿಡಿದವರು. ಬೋರಿನ ನೀರು ಕುಡಿಯುವುದಿಲ್ಲ. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸುತ್ತಾರೆ. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ತುಸು ನೀರಿನೊಡನೆ ಅದೇ ಬಾವಿಗೆ ಮೆಲ್ಲಗೆ ಇಳಿಸುತ್ತಾರೆ; ಬೋರಿನಲ್ಲಿ ಹಾಗೆ ಇಳಿಸಲಾಗದು. ಆ ಓಣಿಯಲ್ಲಿ ಉಳಿದಿರುವ ತೆರೆದ ಬಾವಿ ಇದೊಂದೇ.

ಬಾವಿಯ ಆಚೆ ಲಕ್ಷ್ಮಣನ ಹೊಲ. ಅದನ್ನು ಅವನು ಕರೆಂಟು ತಯಾರಿಸುವ ಗಾಳಿಯಂತ್ರದ, ಊರವರ ಬಾಯಲ್ಲಿ 'ಫ್ಯಾನಿ'ನ, ಕಂಪನಿಗೆ ಕೊಟ್ಟಿದ್ದ. ಮೊದಲ ಯಂತ್ರದ ಬುಡಕ್ಕೆ ಕಾಂಕ್ರೀಟು ಹಾಕುವಾಗ ನೀರಿಗೆಂದು ಅಲ್ಲೊಂದು ಬೋರು ಕೊರೆದರು; ಬಾವಿಯ ನೀರು ಇಳಿದದ್ದು ಆಮೇಲೆ. ಈಗ ಎರಡನೆಯ ಯಂತ್ರ ಬರಲಿತ್ತು. ಅದರ ಬೋರಿಗೆ ಬಾವಿಯಿಂದ ಮೂವತ್ತು ಹೆಜ್ಜೆಯಲ್ಲಿ ಗುರುತಿನ ಕಲ್ಲು ನೆಟ್ಟಾಗಿತ್ತು.

"ಪಂಚಾಯತಿಗೆ ಹೇಳೂಣ್ರಿ," ಎಂದಳು ಜೋಹರಾ.

"ನಮ್ಮ ಖಾಸಗಿ ಬಾವಿ. ಮನಿ ಮಾತು ಊರ ಸಭಾದಾಗ ಯಾಕ?" ಎಂದರು ಬುರಾನುದ್ದೀನರು. "ಕರೆಂಟಿಗೆ ಅಡ್ಡ ಬಂದ್ರು ಅಂತಾರ ಮಂದಿ."

ಭಾನುವಾರ ಅಕ್ಕಾತಾಯಿಯ ಮಗಳು ಅನುಜಾ ಬೆಳಗಾವಿಯ ಶಿವಬಸವ ನಗರದಿಂದ ಬಂದಳು. ಅವಳು ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ವಿಷಯ ವಾರದ ಮೊದಲೇ ಫೋನಿನಲ್ಲಿ ತಿಳಿದಿತ್ತು. ಬಂದವಳೇ ನೇರವಾಗಿ ಕೇಳಿದಳು:

"ಚಾಚಾ, ಮೊದಲನೇ ಫ್ಯಾನಿನ ವಿಷಯ ಬಂದ ಸಭಾದಾಗ ನೀವೂ ಇದ್ರಲ್ಲ? ಏನಂದ್ರಿ?"

"ಏನೂ ಅನ್ನಲಿಲ್ಲವ್ವಾ. ಮಂದಿ ಮಾತಾಡಲಿ ಅಂತ ಸುಮ್ಮ ಕುಂತೆ."

"ಎಲ್ಲಾರೂ ಹಂಗ ಕುಂತಿದ್ರಂತ. ಆ ಸಭಾದ ಠರಾವಿನ ಕಾಪಿ ತಗೊಂಡು ನೋಡೇನಿ. 'ಯಾರ ತಕರಾರೂ ಇಲ್ಲ' ಅಂತ ಬರದಾರ. ಕೆಳಗ ಹಾಜರಾತಿಗೆ ನಿಮ್ಮ ಸಹಿನೂ ಐತಿ."

ಬುರಾನುದ್ದೀನರು ಆ ಕಾಪಿ ತೆಗೆದುಕೊಂಡು ತಮ್ಮ ಸಹಿಯನ್ನು ನೋಡಿದರು. ನಾಲ್ಕು ಜನರ ಮುಂದೆ ಬಾಯಿ ಮುಚ್ಚಿಕೊಂಡಿರುವುದೇ ಮರ್ಯಾದೆ ಎಂದು ಕಲಿತು ಬೆಳೆದವರು ಅವರು. ಆ ಮರ್ಯಾದೆಗೆ ಕಾಗದದ ಮೇಲೆ ಬೇರೆಯೇ ಅರ್ಥವಿತ್ತು.

"ಈಗೇನ್ ಮಾಡೂದು?" ಎಂದರು ಕೊನೆಗೆ.

"ಅರ್ಜಿ ಬರಿಯೂಣು. ಎರಡು ಕಾಪಿ. ಒಂದು ಕೊಡೂಣು, ಇನ್ನೊಂದರ ಮ್ಯಾಲ ತಾರೀಖು ಹಾಕಿಸಿ ಪಂಚಾಯತಿ ಶಿಕ್ಕಾ ಹೊಡಸ್ಕೊಳ್ಳೂಣು. ಬೋರಿಗೆ ಪರವಾನಗಿ ಐತೇನು? ಬಾವಿಗೆ, ಮನಿಗೆ ಎಷ್ಟು ದೂರ ಬಿಡಬೇಕು? ನಿಯಮ ಏನೈತಿ ಅಂತ ಅವರ ತೋರಸ್ಲಿ."

"ಜಗಳ ಆಗೂದಿಲ್ಲಲಾ?"

"ಕೇಳೂದು ಜಗಳ ಅಲ್ಲ, ಚಾಚಾ."

ಗ್ರಾಮಸಭೆಯ ದಿನ ಬುರಾನುದ್ದೀನರು ಎದ್ದು ನಿಂತರು. ಕಾಗದ ಕೈಯಲ್ಲಿತ್ತು, ದನಿ ಬರಲಿಲ್ಲ.

ಲಕ್ಷ್ಮಣ ನಕ್ಕ. "ಏನ್ ಭಾಯ್, ಬಾವಿಗೆ ನೀವ ಮಾಲಕ್ರು. ಪಂಚಾಯತಿ ಬಂದು ನೀರ ಸೇದಬೇಕೇನು?"

ಸಭೆಯೂ ನಕ್ಕಿತು. ಆಗ ಹೆಂಗಸರ ಸಾಲಿನಿಂದ ಅಕ್ಕಾತಾಯಿ ಎದ್ದರು.

"ಸೇದೂವಾಕಿ ನಾ ಅದೀನೋ ಲಕ್ಷ್ಮಣ. ಮೂವತ್ತು ವರ್ಷ ಆತು. ನಿನ್ನ ಲಗ್ನದ ಅಡಿಗಿಗೆ ನೀರ ಎಲ್ಲಿಂದ ಹೊತ್ತಿದ್ರು? ಮರತಿಯೇನು? ಈ ಬಾವಿ ಬತ್ತಿದ್ರ ನಾ ಏನ್ ಕುಡೀಲಿ?"

ಈ ಸಲ ಜನ ಲಕ್ಷ್ಮಣನನ್ನು ನೋಡಿ ನಕ್ಕರು. ಅವನೂ ತಲೆ ಕೆರೆದುಕೊಂಡ.

ಬುರಾನುದ್ದೀನರಿಗೆ ದನಿ ಬಂತು. "ಫ್ಯಾನು ಬ್ಯಾಡ ಅನ್ನಾಕ ಬಂದಿಲ್ಲರೀ. ನಿಯಮ ನೋಡಿ ಹಾಕ್ರಿ. ಅಳತಿ ಆಗೂತನಕ ಬೋರು ಕೊರೀಬ್ಯಾಡ್ರಿ. ಇಷ್ಟು ಬುಕ್ಕಿನ್ಯಾಗ ಬರಕೋರ್ರಿ." ಪಂಚಾಯಿತಿ ಅಧಿಕಾರಿ ಬರೆದುಕೊಂಡರು, ಬರೆದದ್ದನ್ನು ಓದಿಯೂ ಹೇಳಿದರು.

ಮುಂದಿನ ತಿಂಗಳು ಬೆಳಗಾವಿಯಿಂದ ಅಧಿಕಾರಿಗಳು ಬಂದು ಅಳೆದರು. ದೂರ ಸಾಲದೆಂದು ಗುರುತಿನ ಕಲ್ಲನ್ನು ಕಿತ್ತರು. ಎರಡನೆಯ ಯಂತ್ರ ಮೇಲಿನ ದಿಬ್ಬಕ್ಕೆ ಹೋಯಿತು, ಅದರ ಕೆಲಸಕ್ಕೆ ನೀರು ಟ್ಯಾಂಕರಿನಲ್ಲಿ ಬಂತು. ಹೋದ ಎರಡು ಮೆಟ್ಟಿಲು ನೀರು ಇನ್ನೂ ಬಂದಿಲ್ಲ. ಆದರೆ ಮೂರನೆಯ ಮೆಟ್ಟಿಲು ಬರಿದಾಗಲಿಲ್ಲ.

"ನೀವು ಎದ್ದು ನಿಂತಿದ್ದಕ್ಕ ನಮ್ಮ ಬಾವಿ ಉಳೀತು, ಅಕ್ಕಾ," ಎಂದಳು ಜೋಹರಾ. ಅವಳ ಕಣ್ಣು ತುಂಬಿತ್ತು.

"ಮೂವತ್ತು ವರ್ಷದಾಗ ಒಂದಿನಾರ 'ಯಾಕ ಬಂದಿ' ಅಂತ ಕೇಳೀಯೇನು ನನಗ?" ಎಂದರು ಅಕ್ಕಾತಾಯಿ. "ಹಗ್ಗ ಕೊಡು, ಹೊತ್ತಾತು."

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮೂರಿನ ಮುಂದಿನ ಗ್ರಾಮಸಭೆ ಯಾವತ್ತು ಎಂದು ನಾಳೆಯೇ ಪಂಚಾಯಿತಿಯಲ್ಲಿ ಕೇಳಿ. ನಿಮ್ಮ ಬಾವಿ ದಾಖಲೆಯಲ್ಲಿ ಇದೆಯೇ ನೋಡಿ. ಪಕ್ಕದಲ್ಲಿ ಬೋರು ಬರಲಿ, ಗಾಳಿಯಂತ್ರ ಬರಲಿ, ಅನುಮತಿ ಪತ್ರ ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಒಬ್ಬರೇ ಹೋಗಲು ಅಳುಕಾದರೆ ನೆರೆಮನೆಯವರನ್ನು ಕರೆದುಕೊಂಡು ಹೋಗಿ. ಅವರು ಖಂಡಿತ ಬರುತ್ತಾರೆ.